ನೂರು ಜನರ ಮದುವೆ: ಪಟ್ಟಿ ಬರೆಯುವ ಮುನ್ನ



2021ರಲ್ಲಿ ಲಾಕ್‌ಡೌನ್ ಸಡಿಲವಾದ ಮೇಲೆ ನನ್ನ ದವಾಖಾನೆಯಲ್ಲಿ ಕೆಮ್ಮು, ಜ್ವರದ ಮಾತು ಕಡಿಮೆಯಾಗಿ ಮದುವೆಯ ಮಾತು ಹೆಚ್ಚಾಯಿತು. ಆ ಜುಲೈನಲ್ಲಿ ಪರಿಚಿತರೊಬ್ಬರು ಸಕ್ಕರೆ ಕಾಯಿಲೆಯ ಔಷಧಿಗೆಂದು ಬಂದವರು ಜೇಬಿನಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ಮಗಳ ಮದುವೆಗೆ ಕರೆಯಬೇಕಾದವರ ಪಟ್ಟಿ, 480 ಹೆಸರು. 2020ರ ಏಪ್ರಿಲ್‌ನಲ್ಲೇ ಆಗಬೇಕಿದ್ದ ನಿಕಾಹ್ ಅದು. ಮೊದಲ ಲಾಕ್‌ಡೌನ್‌ಗೆ ಒಮ್ಮೆ, ಎರಡನೇ ಅಲೆಗೆ ಇನ್ನೊಮ್ಮೆ ಮುಂದೆ ಹೋಗಿತ್ತು.

"ಹಕೀಮ್ ಸಾಬ್, ಈಗ ನೂರು ಜನಕ್ಕೆ ಅವಕಾಶ ಕೊಟ್ಟಿದ್ದಾರೆ. ಬೆಳಿಗ್ಗೆ ನೂರು, ಮಧ್ಯಾಹ್ನ ನೂರು, ಸಂಜೆ ನೂರು ಅಂತ ಎರಡು ದಿನ ಕರೆದರೆ ಎಲ್ಲರೂ ಮುಗಿದರಲ್ಲ? ಕಾನೂನೂ ಮುರಿಯಲಿಲ್ಲ, ನೆಂಟರೂ ಮುನಿಯಲಿಲ್ಲ" ಎಂದರು.

ನಾನು ಕೂಡಲೇ ಉತ್ತರ ಕೊಡಲಿಲ್ಲ. ಅವರ ಲೆಕ್ಕ ತಪ್ಪು ಎಂದು ಹೇಳುವುದು ಸುಲಭ, ಏಕೆ ತಪ್ಪು ಎಂದು ತಿಳಿಸಲು ಸ್ವಲ್ಪ ಹೊತ್ತು ಬೇಕು. 2021ರಲ್ಲಿ ಜುಲೈ 21ಕ್ಕೆ ಬಕ್ರೀದ್ ಇತ್ತು. ಅದು ಮುಗಿದು ಮುಹರ್ರಂ ಚಾಂದ್ ಕಾಣುವ ತನಕ ಸಿಗುವ ಸುಮಾರು ಮೂರು ವಾರಗಳಲ್ಲಿ, ಒಂದೂವರೆ ವರ್ಷದಿಂದ ಕಾದು ಕುಳಿತ ಮದುವೆಗಳೆಲ್ಲ ಒಟ್ಟಿಗೆ ನಡೆಯಲಿದ್ದವು. ನಿಮ್ಮ ಮನೆಯಲ್ಲೂ ಅಂಥ ಒಂದು ಪಟ್ಟಿ ತಯಾರಾಗುತ್ತಿರಬಹುದು. ಅದಕ್ಕಾಗಿ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಸಂಖ್ಯೆ ಏರುತ್ತಾ ಇಳಿಯುತ್ತಾ ಬಂದದ್ದನ್ನು ನೀವೆಲ್ಲ ನೋಡಿದ್ದೀರಿ. 2020ರ ಮಾರ್ಚ್ 13ರಂದು ನಮ್ಮ ರಾಜ್ಯ ಸರಕಾರ ಮೊದಲ ಬಾರಿಗೆ ಮದುವೆ, ಜಾತ್ರೆ, ಸಮಾರಂಭಗಳನ್ನು ಒಂದು ವಾರ ನಿಲ್ಲಿಸಬೇಕೆಂದಿತು. ಆ ಒಂದು ವಾರ ಎಷ್ಟು ಉದ್ದವಾಯಿತೆಂದು ಗೊತ್ತೇ ಇದೆ. ಆ ವರ್ಷದ ಮೇ ತಿಂಗಳಲ್ಲಿ 50 ಜನರಿಗೆ ಅನುಮತಿ ಸಿಕ್ಕಿತು, ಸೆಪ್ಟೆಂಬರ್ ಕೊನೆಗೆ ಅದು ನೂರಾಯಿತು, 2021ರ ಫೆಬ್ರವರಿಯಲ್ಲಿ 500ಕ್ಕೆ ಏರಿತು. ಏಪ್ರಿಲ್‌ನಲ್ಲಿ ಮತ್ತೆ 50ಕ್ಕೆ ಕುಸಿಯಿತು, ಮೇ ತಿಂಗಳಲ್ಲಿ ಶಾದಿ ಮಹಲ್‌ಗಳಿಗೆ ಬೀಗ ಬಿತ್ತು. ಜೂನ್ 28ರಿಂದ 40 ಜನ, ಜುಲೈ 5ರಿಂದ ನೂರು ಜನ. ಹೀಗೆ ಬದಲಾಗುತ್ತಿದ್ದ ಸಂಖ್ಯೆ ನೋಡಿದವರಿಗೆ ಇದು ಬಸ್ ದರದಂತೆ ಸರಕಾರ ತನಗೆ ತೋಚಿದ ಹಾಗೆ ನಿಗದಿ ಮಾಡುವ ವಸ್ತು ಅನ್ನಿಸಿದರೆ ಆಶ್ಚರ್ಯವಿಲ್ಲ. ಚೌಕಾಸಿ ಮಾಡುವ ಮನಸ್ಸು ಹುಟ್ಟುವುದು ಅಲ್ಲಿಂದಲೇ. ಆದರೆ ಆಯಾ ತಿಂಗಳಲ್ಲಿ ನಮ್ಮ ನಡುವೆ ಸೋಂಕು ಎಷ್ಟಿತ್ತು, ಆಸ್ಪತ್ರೆಯಲ್ಲಿ ಹಾಸಿಗೆ ಎಷ್ಟು ಉಳಿದಿತ್ತು ಎಂಬುದರ ಮೇಲೆ ಆ ಸಂಖ್ಯೆ ನಿಂತಿತ್ತು. ಮೇ 5ರಂದು ನಮ್ಮ ರಾಜ್ಯವೊಂದರಲ್ಲೇ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಮಂದಿಗೆ ಸೋಂಕು ದೃಢಪಟ್ಟಿತ್ತು. ಆ ವಾರ ಆಮ್ಲಜನಕದ ಸಿಲಿಂಡರ್‌ಗಾಗಿ ಯಾರ್ಯಾರಿಗೋ ಫೋನ್ ಮಾಡಿದವರು ನಿಮ್ಮಲ್ಲೂ ಇರುತ್ತೀರಿ.

ಈಗ ಬ್ಯಾಚ್‌ಗಳ ಲೆಕ್ಕಕ್ಕೆ ಬರೋಣ. ನೂರು ನೂರರಂತೆ ಐದು ಗುಂಪು ಕರೆದಾಗ ಅತಿಥಿಗಳು ಬದಲಾಗುತ್ತಾರೆ. ಬದಲಾಗದವರು ಯಾರು? ಹುಡುಗಿಯ ತಂದೆ, ತಾಯಿ, ಅಣ್ಣ ತಮ್ಮಂದಿರು, ಬಾಗಿಲಲ್ಲಿ ನಿಂತು ಕೈ ಕುಲುಕುವ ಮಾಮೂಜಾನ್, ದೇಗ್ ಮುಂದೆ ನಿಂತ ಬಾವರ್ಚಿ, ದಸ್ತರ್‌ಖಾನ್ ಹಾಸಿ ಬಡಿಸುವ ಹುಡುಗರು, ಫೋಟೋ ತೆಗೆಯುವವರು, ಮತ್ತು ಎಲ್ಲರಿಗಿಂತ ಮೊದಲು ದುಲ್ಹನ್, ದೂಲ್ಹಾ. ಇವರು ಐದೂ ಗುಂಪುಗಳ ಉಸಿರು ಕುಡಿಯುತ್ತಾರೆ, ಐದೂ ಗುಂಪುಗಳಿಗೆ ತಮ್ಮ ಉಸಿರು ಕೊಡುತ್ತಾರೆ. ಬೆಳಿಗ್ಗೆಯ ಗುಂಪಿನಲ್ಲಿ ಬಂದ ಸೋಂಕು ಸಂಜೆಯ ಗುಂಪಿಗೆ ತಲುಪಲು ಇವರೇ ಸೇತುವೆ. ಕಾಗದದ ಮೇಲೆ ಅವು ನೂರು ಜನರ ಐದು ಮದುವೆ. ವೈರಾಣುವಿಗೆ ಮಾತ್ರ ಅದು 480 ಜನರ ಒಂದೇ ಮದುವೆ.

ಇನ್ನೊಂದು ವಿಷಯ ಹೇಳಿದಾಗ ಅವರು ಬೆಚ್ಚಿದರು. ಬೆಳಿಗ್ಗೆ ದಮ್ ಒಡೆದ ಬಿರಿಯಾನಿಯನ್ನೇ ಸಂಜೆಯ ಗುಂಪಿಗೂ ಬಡಿಸುವ ಅಂದಾಜು ಅವರದು. ಬೇಯಿಸಿದ ಅನ್ನದಲ್ಲಿ ಬೇಯುವಾಗಲೂ ಸಾಯದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಉಳಿದಿರುತ್ತವೆ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕುಳಿತರೆ ಅವು ಮೊಳೆತು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ದೇಗ್ ಕೆಳಗೆ ಕೆಂಡವಿದ್ದು ಅನ್ನ ಕೈ ಸುಡುವಷ್ಟು ಬಿಸಿಯಾಗಿಯೇ ಇದ್ದರೆ ಸರಿ, ಇಲ್ಲವಾದರೆ ಎರಡು ಗಂಟೆಯೊಳಗೆ ತಿಂದು ಮುಗಿಸಬೇಕು. ಕೋವಿಡ್ ಇಲ್ಲದ ಕಾಲದಲ್ಲೂ ದಾವತ್ ಮರುದಿನ ನನ್ನ ದವಾಖಾನೆಯಲ್ಲಿ ವಾಂತಿ ಭೇದಿಯವರ ಸಾಲು ಇರುತ್ತಿತ್ತು.

ಮದುವೆಗೆ ಬಾರದೆ ಸತ್ತವರು

ನಿರ್ಬಂಧವೆಂದರೆ ಬಂದ ಅತಿಥಿಗಳ ರಕ್ಷಣೆಗೆ ಇರುವುದು ಎಂದು ನಾವು ತಿಳಿದಿದ್ದೇವೆ. "ಬರುವವರೆಲ್ಲ ಗಟ್ಟಿಮುಟ್ಟಾದ ಹುಡುಗರು, ವಯಸ್ಸಾದವರನ್ನು ಕರೆಯುತ್ತಿಲ್ಲ" ಎಂದು ಎಷ್ಟೋ ಜನ ನನ್ನ ಬಳಿ ಸಮಾಧಾನ ಹೇಳಿಕೊಂಡಿದ್ದಾರೆ. ಈ ಸಮಾಧಾನ ಎಷ್ಟು ಪೊಳ್ಳೆಂದು ತೋರಿಸುವ ಒಂದು ಮದುವೆಯ ಕಥೆಯನ್ನು ಅಮೆರಿಕದ ಆರೋಗ್ಯಾಧಿಕಾರಿಗಳು ಎಳೆಎಳೆಯಾಗಿ ಬಿಡಿಸಿ ದಾಖಲಿಸಿದ್ದಾರೆ. ಮೇನ್ ಎಂಬ ರಾಜ್ಯದ ಒಂದು ಸಣ್ಣ ಊರಿನಲ್ಲಿ 2020ರ ಆಗಸ್ಟ್ 7ರಂದು ನಡೆದ ಮದುವೆ ಅದು. ಒಳಾಂಗಣಕ್ಕೆ ಇದ್ದ ಮಿತಿ 50, ಔತಣಕ್ಕೆ ಬಂದವರು 55. ಐದೇ ಜನ ಹೆಚ್ಚು. ಮಾಸ್ಕ್ ಹಾಕಿದವರು ಕಡಿಮೆ. ಆ ಔತಣದಿಂದ ಹೊರಟ ಸೋಂಕು ಕೈಯಿಂದ ಕೈಗೆ ಹೋಗಿ ಒಟ್ಟು 177 ಮಂದಿಗೆ ತಲುಪಿತು. ಸುಮಾರು 160 ಕಿಲೋಮೀಟರ್ ದೂರದ ವೃದ್ಧರ ಆರೈಕೆ ಕೇಂದ್ರವೊಂದನ್ನು ಹೊಕ್ಕಿತು, 320 ಕಿಲೋಮೀಟರ್ ದೂರದ ಸೆರೆಮನೆಯನ್ನೂ ಹೊಕ್ಕಿತು. ಏಳು ಜನ ತೀರಿಕೊಂಡರು. ಆ ಏಳು ಜನರಲ್ಲಿ ಒಬ್ಬರೂ ಮದುವೆಗೆ ಹೋದವರಲ್ಲ.

ನಮ್ಮ ದೇಶದಲ್ಲೇ, ಬಿಹಾರದ ಪಾಟ್ನಾ ಜಿಲ್ಲೆಯಲ್ಲಿ, 2020ರ ಜೂನ್‌ನಲ್ಲಿ ಜ್ವರವಿದ್ದ ಮದುಮಗನನ್ನೇ ಹಸೆಗೆ ಕೂರಿಸಿದರು. ಎರಡು ದಿನಕ್ಕೆ ಆತ ತೀರಿಕೊಂಡ, ಮದುವೆ ಮತ್ತು ಅಂತ್ಯಕ್ರಿಯೆಯ ಸಂಪರ್ಕದಿಂದ ಸುಮಾರು ನೂರು ಜನರಿಗೆ ಸೋಂಕು ತಗಲಿತು. ದಿನ ನಿಗದಿಯಾಗಿದೆ, ಜನ ಬಂದಿದ್ದಾರೆ, ಇಷ್ಟು ಸಣ್ಣ ಜ್ವರಕ್ಕೆ ನಿಲ್ಲಿಸುವುದು ಹೇಗೆ ಎಂಬ ಸಂಕಟ ನಮಗೂ ಹೊಸದಲ್ಲ.

ನನ್ನ ಮನೆಯ ಮಾತನ್ನೂ ಹೇಳಬೇಕು. 2021ರ ಏಪ್ರಿಲ್‌ನಲ್ಲಿ, ರಮಝಾನ್ ಶುರುವಾಗಲು ಎರಡು ಮೂರು ದಿನ ಇರುವಾಗ, ನನ್ನ ಅಕ್ಕನ ಮಗಳ ನಿಕಾಹ್ ಆಯಿತು. ಎಸಿ ಹಾಲ್, ಮುಚ್ಚಿದ ಕಿಟಕಿ, ಆಗ ಇದ್ದ ಮಿತಿಯ ದುಪ್ಪಟ್ಟು ಜನ. ನಾನು ಹದಿನೆಂಟು ವರ್ಷಗಳಿಂದ ವೈದ್ಯ. ಹೊಕ್ಕ ಕೂಡಲೇ ಏನಾಗಬಹುದೆಂದು ನನಗೆ ತಿಳಿದಿತ್ತು. ಅಕ್ಕನಿಗೆ ಬೇಸರವಾದೀತೆಂದು ಸುಮ್ಮನಿದ್ದೆ. ಊಟಕ್ಕೆ ಕುಳಿತಾಗ ಮಾಸ್ಕ್ ತೆಗೆದು ಜೇಬಿಗೆ ಹಾಕಿಕೊಂಡವನು ಮತ್ತೆ ಹಾಕಲಿಲ್ಲ. ನಮ್ಮ ಫುಫುಜಾನ್, ಅಬ್ಬಾನ ಅಕ್ಕ, ಎಪ್ಪತ್ತಮೂರು ವರ್ಷದವರು, ಮಂಡಿ ನೋವೆಂದು ಮದುವೆಗೆ ಬಂದಿರಲಿಲ್ಲ. ಅವರ ಮೊಮ್ಮಗ ಬಂದಿದ್ದ, ಅವರಿಗೆಂದು ಬಿರಿಯಾನಿ ಕಟ್ಟಿಸಿಕೊಂಡು ಹೋದ. ರಮಝಾನ್‌ನ ಹದಿನಾರನೇ ರೋಜಾ ದಿನ ಜಿಲ್ಲಾಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಸೋಂಕು ಆ ಮದುವೆಯಿಂದಲೇ ಬಂತೆಂದು ನಾನು ಸಾಬೀತು ಮಾಡಲಾರೆ, ಬೇರೆಡೆಯಿಂದ ಬಂತೆಂದು ನಂಬಲೂ ಆಗುತ್ತಿಲ್ಲ. ಅಕ್ಕನೂ ನಾನೂ ಈವರೆಗೆ ಆ ವಿಷಯ ಮಾತಾಡಿಲ್ಲ.

ಅದಕ್ಕೇ ಪಟ್ಟಿ ಬರೆಯುವಾಗ ಬರುವವರ ಹೆಸರಿನ ಮುಂದೆ ಇನ್ನೊಂದು ಸಾಲು ಎಳೆಯಿರಿ. ಆ ವ್ಯಕ್ತಿ ರಾತ್ರಿ ಯಾವ ಮನೆಗೆ ಮರಳುತ್ತಾರೆ, ಆ ಮನೆಯಲ್ಲಿ ಡಯಾಲಿಸಿಸ್‌ನವರು, ಹೃದ್ರೋಗಿಗಳು, ಬಸುರಿ, ಎಂಬತ್ತರ ನಾನಿ ಇದ್ದಾರೆಯೇ ಎಂದು ಬರೆಯಿರಿ. ನನ್ನ ಮುಂದೆ ಕುಳಿತಿದ್ದ ಆ ತಂದೆಗೆ ಹೀಗೆ ಬರೆಯಲು ಹೇಳಿದಾಗ ಮೊದಲ ಹತ್ತು ಹೆಸರುಗಳಲ್ಲೇ ಆರು ಮನೆ ಬಂದವು.

ಹವಾ ಮೊದಲು

ನಮ್ಮ ಯುನಾನಿ ಶಾಸ್ತ್ರ ಆರೋಗ್ಯಕ್ಕೆ ಅತ್ಯಗತ್ಯವಾದ ಆರು ಸಂಗತಿಗಳನ್ನು ಹೇಳುತ್ತದೆ. ಅಸ್ಬಾಬ್-ಎ-ಸಿತ್ತಾ ಜರೂರಿಯಾ ಎಂದು ಅದರ ಹೆಸರು. ಅನ್ನ ನೀರು ಅದರಲ್ಲಿ ಎರಡನೆಯದು. ಮೊದಲನೆಯದು ಹವಾ, ಅಂದರೆ ಗಾಳಿ. ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಈ ಕ್ರಮಾಂಕದ ಬೆಲೆ ನನಗೆ ಅರ್ಥವಾದದ್ದು ಆ ಒಂದೂವರೆ ವರ್ಷದಲ್ಲಿ.

ಶಾದಿ ಮಹಲ್‌ನ ಬಾಗಿಲಲ್ಲಿ ಯಾರೋ ಊದ್ ಅತ್ತರು ಹಚ್ಚಿಕೊಂಡು ಒಳಗೆ ಬಂದರೆ ಸ್ವಲ್ಪ ಹೊತ್ತಿನಲ್ಲಿ ಕೊನೆಯ ಸಾಲಿನಲ್ಲಿ ಕುಳಿತವರಿಗೂ ವಾಸನೆ ತಿಳಿಯುತ್ತದೆ. ಆರಡಿ ಅಂತರ ಅದನ್ನು ತಡೆಯಲಿಲ್ಲ. ಸೋಂಕಿತನ ಬಾಯಿ ಮೂಗಿನಿಂದ ಬರುವ ಅತಿ ಸಣ್ಣ ಹನಿಗಳೂ ಹೀಗೆಯೇ ಮುಚ್ಚಿದ ಜಾಗದ ಗಾಳಿಯಲ್ಲಿ ತೇಲುತ್ತಾ ಇರುತ್ತವೆ. ಜೋರಾಗಿ ಮಾತಾಡಿದರೆ, ಹಾಡಿದರೆ ಇನ್ನೂ ಹೆಚ್ಚು. 2020ರ ಮಾರ್ಚ್‌ನಲ್ಲಿ ಅಮೆರಿಕದ ಇನ್ನೊಂದು ಕಡೆ ಎರಡೂವರೆ ಗಂಟೆ ಹಾಡಿನ ಅಭ್ಯಾಸಕ್ಕೆ ಸೇರಿದ್ದ 61 ಜನರಲ್ಲಿ 53 ಮಂದಿಗೆ ಕಾಯಿಲೆ ಬಂತು, ಇಬ್ಬರು ಸತ್ತರು. ಗಾಳಿಯಾಡದ ಕಿಕ್ಕಿರಿದ ಕೋಣೆಗಳಲ್ಲಿ ಇದು ಗಾಳಿಯ ಮೂಲಕವೇ ಹರಡಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಹೇಳುತ್ತಿದೆ. ಬಾಗಿಲಲ್ಲಿ ಸ್ಯಾನಿಟೈಸರ್ ಚಿಮುಕಿಸಿ, ಹಣೆಗೆ ಥರ್ಮಾಮೀಟರ್ ಹಿಡಿದು, ಒಳಗೆ ಎಸಿ ಹಾಕಿ ಕಿಟಕಿ ಮುಚ್ಚಿದರೆ ನಾವು ಕಳ್ಳನಿಗೆ ಮುಂಬಾಗಿಲು ಹಾಕಿ ಹಿಂಬಾಗಿಲು ತೆರೆದಿಟ್ಟಂತೆ.

ಆದ್ದರಿಂದ ಹಾಲ್ ನೋಡಲು ಹೋದಾಗ ಸ್ಟೇಜು, ಝೂಮರ್ ನೋಡುವ ಮೊದಲು ಕಿಟಕಿಗಳನ್ನು ಎಣಿಸಿ. ತೆರೆಯುತ್ತವೆಯೇ, ಇಲ್ಲ ಗಾಜು ಕೂರಿಸಿ ಮುಚ್ಚಿದ್ದಾರೆಯೇ ಎಂದು ಕೈಯಿಂದ ತಳ್ಳಿ ನೋಡಿ. ಸಾಮಾನ್ಯ ಎಸಿ ಒಳಗಿನ ಗಾಳಿಯನ್ನೇ ತಣಿಸಿ ಮತ್ತೆ ಮತ್ತೆ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಶಾಲೆಯ ಮೈದಾನ, ಮನೆಯ ತಾರಸಿ, ತೋಟ, ಮಸೀದಿಯ ಅಂಗಳ ಸಿಕ್ಕರೆ ಹಾಲ್‌ಗಿಂತ ಮೇಲು. ಮಳೆಗಾಲದಲ್ಲಿ ಶಾಮಿಯಾನ ಬೇಕೇ ಬೇಕು. ಆದರೆ ನಾಲ್ಕೂ ಕಡೆ ಕನಾತ್ ಕಟ್ಟಿದ ಶಾಮಿಯಾನವೂ ಒಂದು ಮುಚ್ಚಿದ ಕೋಣೆಯೇ. ಎರಡು ಕಡೆಯಾದರೂ ಬಿಡಿ.

ಯಾರೂ ಗಮನಿಸದ ಒಂದು ಸಂಗತಿ ಇದೆ. ನಮ್ಮ ಮದುವೆಗಳಲ್ಲಿ ಗಂಡಸರ ಕಡೆ ಬಾಗಿಲು, ವರಾಂಡ, ಹೊರಗಿನ ಜಾಗ. ಹೆಂಗಸರ ಕಡೆ ಒಳಗೆ, ಪರದೆಯ ಆಚೆ, ಹಲವು ಕಡೆ ಕಿಟಕಿಗೂ ಬಟ್ಟೆ ಕಟ್ಟಿರುತ್ತಾರೆ. ಗಂಡಸರು ಉಂಡು ಅರ್ಧ ಗಂಟೆಗೆ ಹೊರಡುತ್ತಾರೆ. ಹೆಂಗಸರು, ಮಕ್ಕಳು, ಅಜ್ಜಿಯರು ರುಖ್ಸತಿಯ ತನಕ ನಾಲ್ಕೈದು ಗಂಟೆ ಅಲ್ಲೇ ಕುಳಿತಿರುತ್ತಾರೆ. ಎಲ್ಲರಿಗಿಂತ ಕೆಟ್ಟ ಗಾಳಿ ಎಲ್ಲರಿಗಿಂತ ಹೆಚ್ಚು ಹೊತ್ತು ಅವರ ಪಾಲಿಗೆ. ನಡುವೆ ದುಲ್ಹನ್, ಒಬ್ಬೊಬ್ಬರಾಗಿ ಬಂದು ಮುಖದ ಹತ್ತಿರ ಬಾಗಿ ಸಲಾಮಿ ಕೊಡುವವರ ಎದುರು, ಮೇಕಪ್ ಕೆಡುತ್ತದೆಂದು ಮಾಸ್ಕ್ ಇಲ್ಲದೆ. ಈ ಸಲ ಜಾಗ ಅದಲು ಬದಲು ಮಾಡಿ. ಗಾಳಿ ಬೆಳಕಿರುವ ಕಡೆ ಹೆಂಗಸರಿಗೆ ಕೊಡಿ, ಪರದೆಯನ್ನು ಕಿಟಕಿಯ ಬದಲು ದಾರಿಗೆ ಅಡ್ಡವಾಗಿ ಕಟ್ಟಿ. ಸಲಾಮಿಯನ್ನು ದೂರದಲ್ಲಿಟ್ಟ ತಟ್ಟೆಗೆ ಹಾಕಲಿ. ಯಜಮಾನರು ಒಪ್ಪದಿದ್ದರೆ ಈ ಪುಟ ತೋರಿಸಿ.

ಊಟದ ಹೊತ್ತೇ ಅಪಾಯದ ಹೊತ್ತು, ಏಕೆಂದರೆ ಮಾಸ್ಕ್ ಹಾಕಿಕೊಂಡು ಉಣ್ಣಲಾಗದು. ನಾಲ್ಕೈದು ಜನ ಒಂದೇ ಥಾಲ್‌ಗೆ ಕೈ ಹಾಕಿ ಮುಖಕ್ಕೆ ಮುಖ ಕೊಟ್ಟು ಕೂರುವ ಪದ್ಧತಿಯನ್ನು ಈಗ ಬಿಡಬೇಕು. ನಿಕಾಹ್ ಮುಗಿಯುತ್ತಲೇ ಬಿರಿಯಾನಿ, ದಾಲ್ಚಾ, ಮೀಠಾ ಕಟ್ಟಿ ಬಿಸಿಯಾಗಿ ಕೈಗೆ ಕೊಟ್ಟು ಕಳುಹಿಸುವವರು ನಮ್ಮೂರಲ್ಲಿ ಆಗ ಸಾಕಷ್ಟಿದ್ದರು. ಮೊದಮೊದಲು ಜನ ಮೂಗು ಮುರಿದರು, ಆಮೇಲೆ ಅದೇ ರೂಢಿಯಾಗುತ್ತಿತ್ತು. ಕರೆಯಲಾಗದ 380 ಜನರಲ್ಲಿ ಹತ್ತಿರದವರ ಮನೆಗೂ ಹೀಗೆ ಒಂದೊಂದು ಡಬ್ಬಿ ಹೋದರೆ ಮುನಿಸಿಗೆ ಜಾಗವೆಲ್ಲಿ? ಬಾವರ್ಚಿಗೂ ಪೂರ್ತಿ ಕೆಲಸ ಸಿಗುತ್ತದೆ. ಎರಡು ಮದುವೆ ಸೀಸನ್ ಕಳೆದುಕೊಂಡ ಅವನ, ಶಾಮಿಯಾನದವನ ಮನೆಯ ಒಲೆಯ ಬಗ್ಗೆಯೂ ನಾವು ಯೋಚಿಸಬೇಕಲ್ಲ.

ಕಷಾಯ, ಲೋಬಾನ್ ಮತ್ತು ಲಸಿಕೆ

ಯುನಾನಿ ವೈದ್ಯನಾದ್ದರಿಂದ ಈ ಪ್ರಶ್ನೆ ನನಗೆ ದಿನವೂ ಬರುತ್ತಿತ್ತು: "ಮದುವೆಗೆ ಬರುವವರಿಗೆಲ್ಲ ಬಾಗಿಲಲ್ಲೇ ಒಂದೊಂದು ಲೋಟ ಜೋಶಾಂದಾ ಕೊಟ್ಟರೆ?" ಬೆಹಿದಾನಾ, ಉನ್ನಾಬ್, ಸಪಿಸ್ತಾನ್ ಹಾಕಿದ ಕಷಾಯವನ್ನು ಆಯುಷ್ ಮಂತ್ರಾಲಯವೂ 2020ರಲ್ಲಿ ಸೂಚಿಸಿತ್ತು. ಗಂಟಲಿಗೆ ಹಿತ, ಕೆಮ್ಮಿಗೆ ಹಿತ, ನಾನೂ ಕೊಡುತ್ತೇನೆ. ಆದರೆ ಬಾಗಿಲಲ್ಲಿ ಒಂದು ಲೋಟ ಕುಡಿದವನಿಗೆ ಒಳಗಿನ ಸೋಂಕು ತಗಲದು ಎಂದು ನನ್ನ ವೈದ್ಯಶಾಸ್ತ್ರ ಎಲ್ಲೂ ಹೇಳಿಲ್ಲ. ಅಂಥ ಧೈರ್ಯದಿಂದ ಮಾಸ್ಕ್ ತೆಗೆಯುವುದಾದರೆ ಕಷಾಯ ಕೊಡದಿರುವುದೇ ಲೇಸು. ಅತಿಮಧುರ ಹೆಚ್ಚಾಗಿ ಹಾಕಿದ ಕಷಾಯ ರಕ್ತದೊತ್ತಡ ಏರಿಸುತ್ತದೆ, ಸಿಹಿ ಶರಬತ್ತಿನ ರೂಪದ್ದು ಸಕ್ಕರೆ ಕಾಯಿಲೆಯವರಿಗೆ ಆಗದು. ಲೋಬಾನ್ ಹೊಗೆಯ ಬಗ್ಗೆಯೂ ಹೀಗೆಯೇ. ಸಾಂಕ್ರಾಮಿಕದ ಕಾಲದಲ್ಲಿ ಧೂಪ ಹಾಕುವ ಮಾತು ನಮ್ಮ ಹಳೆಯ ಗ್ರಂಥಗಳಲ್ಲಿದೆ, ನಿಜ. ಮುಚ್ಚಿದ ಹಾಲ್‌ನಲ್ಲಿ ಅದನ್ನು ಹಾಕಿದರೆ ಕೋವಿಡ್‌ನಿಂದ ಈಗಷ್ಟೇ ಎದ್ದ ಶ್ವಾಸಕೋಶಗಳು ಕೆಮ್ಮತೊಡಗುತ್ತವೆ, ಕೆಮ್ಮಿದಷ್ಟೂ ಹನಿಗಳು ಹಾರುತ್ತವೆ.

ಲಸಿಕೆಯ ಲೆಕ್ಕವನ್ನು ಮದುವೆಯ ದಿನ ಹಿಡಿಯುವ ಮೊದಲೇ ಮಾಡಬೇಕಿತ್ತು. 2021ರ ಜುಲೈ 10ಕ್ಕೆ ಕೋವಿಶೀಲ್ಡ್‌ನ ಮೊದಲ ಡೋಸ್ ಪಡೆದವರಿಗೆ ಆಗಿನ ನಿಯಮದಂತೆ 84 ದಿನ ಕಳೆದು ಎರಡನೆಯದು ಸಿಗಬೇಕಿದ್ದದ್ದು ಅಕ್ಟೋಬರ್ 2ರ ಹೊತ್ತಿಗೆ. ಅದು ಚೆನ್ನಾಗಿ ಕೆಲಸ ಮಾಡಲು ಇನ್ನೆರಡು ವಾರ, ಅಂದರೆ ಅಕ್ಟೋಬರ್ 16. ಅಷ್ಟರಲ್ಲಿ ರಬೀಉಲ್ ಅವ್ವಲ್ ಬಂದಿರುತ್ತಿತ್ತು. ಕೊವ್ಯಾಕ್ಸಿನ್ ಆದರೆ 28 ದಿನದ ಅಂತರ, ಆಗಸ್ಟ್ 21ಕ್ಕೆ ಮುಗಿಯುತ್ತಿತ್ತು. ಕೋವಿಡ್ ಬಂದು ಹೋದವರು ಗುಣವಾದ ಮೂರು ತಿಂಗಳ ನಂತರ ಹಾಕಿಸಿಕೊಳ್ಳಬೇಕಿತ್ತು. ಆಗ ಲಸಿಕೆ ಸಿಗುವುದೇ ಕಷ್ಟವಾಗಿತ್ತು ಎಂದು ಗೊತ್ತು. ಆದರೂ ಎರಡೂ ಕಡೆಯ ಹಿರಿಯರಿಗೆ ಲಸಿಕೆ ಪೂರ್ತಿಯಾಗುವ ತನಕ ದಾವತ್ ಮುಂದಕ್ಕೆ ಹಾಕಿದರೆ ಕಳೆದುಕೊಳ್ಳುವುದೇನಿತ್ತು? ಮುಹರ್ರಂ, ಸಫರ್ ತಿಂಗಳಲ್ಲಿ ಮದುವೆ ಮಾಡಬಾರದೆಂಬ ಭಯದಿಂದ ಎಲ್ಲರೂ ಆ ಮೂರು ವಾರಕ್ಕೇ ಮುಗಿಬಿದ್ದಿದ್ದರು. ಅದಕ್ಕೆ ದೀನ್‌ನಲ್ಲಿ ಆಧಾರವಿದೆಯೇ ಎಂದು ನಿಮ್ಮ ಇಮಾಮರನ್ನೇ ಒಮ್ಮೆ ಕೇಳಿ ನೋಡಿ.

ಮದುವೆಯಾಗಲಿರುವ ಹುಡುಗಿಯರಿಗೆ ಲಸಿಕೆ ಹಾಕಿಸಿದರೆ ಮಕ್ಕಳಾಗುವುದಿಲ್ಲ ಎಂಬ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಓಡುತ್ತಿತ್ತು. ಸುಳ್ಳು. ಈ ಲಸಿಕೆಗಳಿಂದ ಬಂಜೆತನ ಬರುವುದಿಲ್ಲ, ಹುಡುಗರಿಗೂ ಇಲ್ಲ, ಹುಡುಗಿಯರಿಗೂ ಇಲ್ಲ. ಮುಟ್ಟಿನ ದಿನಗಳಲ್ಲೂ ಹಾಕಿಸಿಕೊಳ್ಳಬಹುದು. ಬಸುರಿಯರಿಗೂ 2021ರ ಜುಲೈ ಆರಂಭದಲ್ಲಿ ಸರಕಾರ ಅನುಮತಿ ಕೊಟ್ಟಿತು, ಏಕೆಂದರೆ ಬಸುರಿಗೆ ಕೋವಿಡ್ ಬಂದರೆ ಉಲ್ಬಣಿಸುವ ಅಪಾಯ ಹೆಚ್ಚು. ಮದುವೆಗೆ ಮುನ್ನವೇ ಇಬ್ಬರೂ ಹಾಕಿಸಿಕೊಂಡರೆ ನೆಮ್ಮದಿ.

ಲಸಿಕೆ ಪಡೆದವರಿಗೂ ಸೋಂಕು ತಗಲಬಹುದು, ಇತರರಿಗೆ ದಾಟಿಸಲೂಬಹುದು. ಆಸ್ಪತ್ರೆ ಸೇರುವ, ಸಾಯುವ ಅಪಾಯ ಮಾತ್ರ ಬಹಳ ಕಡಿಮೆಯಾಗುತ್ತದೆ. ಹಿಂದಿನ ದಿನ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂತೆಂದು ನಿಶ್ಚಿಂತರಾಗುವವರೂ ಇದ್ದಾರೆ. ಸೋಂಕು ಹೊಕ್ಕ ಮೊದಲ ದಿನಗಳಲ್ಲಿ ಪರೀಕ್ಷೆಗೆ ಅದು ಸಿಕ್ಕದೇ ಹೋಗಬಹುದು. ಇಂದು ನೆಗೆಟಿವ್ ಆದವನು ನಾಳೆ ದಸ್ತರ್‌ಖಾನ್ ಮೇಲೆ ಸೋಂಕು ಹಂಚಬಲ್ಲ.

ನಿಕಾಹ್‌ಗೆ ಬೇಕಾದದ್ದು

ಶಾದಿ ಮಹಲ್ ಇಲ್ಲದೆ ಮದುವೆಯೇ ಇಲ್ಲ ಎಂಬ ಹಾಗೆ ನಾವು ಬದುಕಿದ್ದೆವು. ವಧೂವರರ ಒಪ್ಪಿಗೆ, ವಲಿ, ಇಬ್ಬರು ಸಾಕ್ಷಿಗಳು, ಮಹ್ರ್. ಇಷ್ಟಕ್ಕೆ ಮಸೀದಿಯ ಅಂಗಳ ಧಾರಾಳವಾಯಿತು, ಹತ್ತು ಜನ ಸಾಕು, ಅರ್ಧ ಗಂಟೆ ಸಾಕು. ಹಝ್ರತ್ ಸಫಿಯ್ಯಾರೊಂದಿಗಿನ(ರ) ವಿವಾಹದ ವಲೀಮದಲ್ಲಿ ಪ್ರವಾದಿವರ್ಯರು(ಸ) ಬಡಿಸಿದ್ದು ಖರ್ಜೂರ, ಒಣಗಿಸಿದ ಮೊಸರಿನ ಗಟ್ಟಿ ಮತ್ತು ತುಪ್ಪ ಎಂದು ಹದೀಸ್ ಗ್ರಂಥಗಳಲ್ಲಿದೆ. ದಾವತ್‌ಗೆ ಕಾಲ ಕೂಡಿಬರಲಿಲ್ಲವೆಂದು ನಿಕಾಹ್ ನಿಲ್ಲಿಸುವ ಅಗತ್ಯವಿಲ್ಲ. ನಿಕಾಹ್ ಈಗ, ನೆಂಟರ ದಾವತ್ ಮುಂದೆ ಎಂದು ಬೇರ್ಪಡಿಸಿದರೆ ಅರ್ಧ ಸಮಸ್ಯೆ ಕರಗುತ್ತದೆ.

ಇದನ್ನು ವೈದ್ಯನಾಗಿಯೇ ಹೇಳುತ್ತಿದ್ದೇನೆ. ಆ ಆರು ಅಗತ್ಯಗಳಲ್ಲಿ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಒಂದು. ಎರಡು ಮೂರು ಸಲ ದಿನ ಮುಂದೆ ಹೋದ ಹುಡುಗಿಯರು ನಿದ್ದೆ ಬರುವುದಿಲ್ಲ, ಮುಟ್ಟು ತಪ್ಪಿದೆ, ಎದೆ ಬಡಿದುಕೊಳ್ಳುತ್ತದೆ ಎಂದು ತಾಯಂದಿರ ಜೊತೆ ಬರುತ್ತಾರೆ. ಪರೀಕ್ಷೆ ಮಾಡಿದರೆ ಏನೂ ಇರುವುದಿಲ್ಲ. ತಾಯಿ ಹೊರಗೆ ಹೋದಾಗ ಕೇಳಿದರೆ "ಇನ್ನು ಸಂಬಂಧವೇ ಮುರಿದರೆ?" ಎನ್ನುತ್ತಾರೆ. ಇಂಥ ಮಗುವಿಗೆ ನನ್ನ ಖಮೀರಾಗಿಂತ ಹತ್ತು ಜನರ ನಿಕಾಹ್ ಒಳ್ಳೆಯ ಮದ್ದು.

ಗಲ್ಫ್‌ನಲ್ಲಿದ್ದ ಹುಡುಗರದು ಇನ್ನೊಂದು ತೊಡಕಾಗಿತ್ತು. 2021ರ ಏಪ್ರಿಲ್ ಕೊನೆಯಿಂದ ಯುಎಇ ಇಲ್ಲಿಂದ ಹೋಗುವ ಪ್ರಯಾಣಿಕರಿಗೆ ಬಾಗಿಲು ಮುಚ್ಚಿತ್ತು. ಬಂದರೆ ಮರಳುವುದು ಯಾವಾಗ, ಕೆಲಸ ಉಳಿದೀತೇ ಎಂಬ ಚಿಂತೆ. ಅಲ್ಲಿಂದಲೇ ವಕೀಲರನ್ನು ನೇಮಿಸಿ ಇಲ್ಲಿ ನಿಕಾಹ್ ಮಾಡಿಸುವ ಕ್ರಮವನ್ನು ಖಾಝಿಗಳ ಬಳಿ ವಿಚಾರಿಸಿ. ಬರೀ ವೀಡಿಯೋ ಕರೆಯಲ್ಲಿ ಮುಗಿಸಬೇಡಿ, ಆಮೇಲೆ ಕಾಗದಪತ್ರಕ್ಕೂ ಕಷ್ಟ. ಆಗ ಕೆಲಸಕ್ಕಾಗಿ ವಿದೇಶಕ್ಕೆ ಮರಳುವವರಿಗೆ ಕೋವಿಶೀಲ್ಡ್‌ನ ಎರಡನೇ ಡೋಸ್ 28 ದಿನಕ್ಕೇ ಸಿಗುತ್ತಿತ್ತು, ಪಾಸ್‌ಪೋರ್ಟ್ ಒಯ್ದು ಕೇಳಬೇಕಿತ್ತು.

ಹಾಲ್ ಖರ್ಚು ಉಳಿಯಿತಲ್ಲ, ಅದನ್ನು ನಗದಾಗಿ ಕೊಡಿ ಎಂದು ಕೇಳಿದ ಹುಡುಗನ ಕಡೆಯವರೂ ಇದ್ದಾರಂತೆ. ಅವರ ಕಾಯಿಲೆಗೆ ಈ ಪುಟದಲ್ಲಿ ಔಷಧಿ ಇಲ್ಲ.

ಮದುವೆ ಆದ ಮೇಲಿನ ಹದಿನಾಲ್ಕು ದಿನ

ನಿರ್ಬಂಧ ಮದುವೆಯ ದಿನಕ್ಕೆ ಮುಗಿಯಿತೆಂದು ನಾವು ಉಸಿರು ಬಿಡುತ್ತೇವೆ. ಸೋಂಕು ತಗಲಿದವರಿಗೆ ಲಕ್ಷಣ ಕಾಣುವುದು ಸಾಮಾನ್ಯವಾಗಿ ನಾಲ್ಕೈದು ದಿನಕ್ಕೆ, ಕೆಲವರಿಗೆ ಹದಿನಾಲ್ಕು ದಿನ ಹಿಡಿಯುತ್ತದೆ. ಸರಿಯಾಗಿ ಅದೇ ಸಮಯಕ್ಕೆ ನಮ್ಮಲ್ಲಿ ಜುಮಾಗಿ ದಾವತ್‌ಗಳು ಶುರುವಾಗುತ್ತವೆ. ಈ ಶುಕ್ರವಾರ ಚಾಚಾನ ಮನೆ, ಮುಂದಿನ ಶುಕ್ರವಾರ ಖಾಲಾನ ಮನೆ. ಮದುವೆಗೆ ಕರೆಯದೆ ಕಾಪಾಡಿದ ಹಿರಿಯರ ಮನೆಗೇ ನವದಂಪತಿಗಳನ್ನು ಕರೆದುಕೊಂಡು ಹೋಗಿ ಅಪ್ಪಿಸಿ ದುಆ ಕೇಳುತ್ತೇವೆ. ಜುಮಾಗಿಗಳನ್ನು ಎರಡು ವಾರ ತಡೆಯಿರಿ. ಹಿರಿಯರ ದುಆ ಮದುವೆಗೆ ಮೊದಲೇ, ಅಂಗಳದಲ್ಲಿ ನಿಂತು, ಮಾಸ್ಕ್ ಹಾಕಿಕೊಂಡು ಪಡೆಯಬಹುದು.

ನಮ್ಮ ಪರಿಚಿತರು ಎರಡು ದಿನ ಬಿಟ್ಟು ಮತ್ತೆ ಬಂದರು. ಪಟ್ಟಿ 62ಕ್ಕೆ ಇಳಿದಿತ್ತು, ಬಾವರ್ಚಿ, ಫೋಟೋದವರು, ಖಾಝಿ ಎಲ್ಲ ಸೇರಿ. ಬಿಟ್ಟವರಿಗೆ ತಾವೇ ಫೋನ್ ಮಾಡಿ ಮಾಫಿ ಕೇಳುತ್ತಿದ್ದಾರಂತೆ. ಒಬ್ಬ ಭಾವಮೈದ ಮಾತ್ರ ಫೋನ್ ಇಟ್ಟುಬಿಟ್ಟರಂತೆ. ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಮೊಬೈಲ್ ನಂಬರ್ ಬರೆಸಿದೆ. ಮದುವೆ ಮುಗಿದ ಮೇಲೂ ಹದಿನಾಲ್ಕು ದಿನ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು, ಅಷ್ಟರಲ್ಲಿ ಒಬ್ಬರಿಗೆ ಜ್ವರ, ಗಂಟಲು ನೋವು, ವಾಸನೆ ತಿಳಿಯದಿರುವುದು ಕಂಡರೂ ಮುಚ್ಚಿಡದೆ ಅದೇ ದಿನ ಪರೀಕ್ಷೆ ಮಾಡಿಸಿ ಉಳಿದ 61 ಜನರಿಗೂ ಫೋನ್ ಹೋಗಬೇಕು. ಆ ಕೆಲಸವನ್ನು ಹುಡುಗಿಯ ಸೋದರಮಾವ ಒಪ್ಪಿಕೊಂಡಿದ್ದಾರೆ.